ಲ್ಯಾಟಿನ್ ಕ್ವಿಜ್‌ನ ಕೊನೆಯ ಪ್ರಶ್ನೆ

ಮತ್ತೆ ಬಜರ್, ಬಲಗಡೆಯ ಮೇಜಿನದು, ಚರಿಷ್ಮಾಳದ್ದಲ್ಲ, ಶೆಫೀಲ್ಡಿನ ಈ ಶಾಲೆಯ ಹಾಲ್‌ನಲ್ಲಿ ಹೀಟರ್ ಇದ್ದೂ ನನ್ನ ಕಾಲು ಮರಗಟ್ಟಿದೆ, ಲ್ಯಾಟಿನ್ ಕ್ವಿಜ್‌ನ ಫೈನಲ್, ಎರಡೂ ತಂಡ ಸಮಸಮ, ಇನ್ನು ಒಂದೇ ಪ್ರಶ್ನೆಯಂತೆ — ಇವರು ಇದ್ದಿದ್ದರೆ, ಚರಿಷ್ಮಾಳ ಪಪ್ಪ, ಇಂಥ ಹೊತ್ತಲ್ಲಿ ಮಗಳನ್ನು ನೋಡಲಾರದೆ ಎದ್ದು ಹೊರಗೆ ಹೋಗಿರುತ್ತಿದ್ದರು, ಮ್ಯಾಕಲ್ಸ್‌ಫೀಲ್ಡಿನ ಮಾತ್ರೆ ಕಾರ್ಖಾನೆಯ ಶಿಫ್ಟ್ ಮುಗಿಸಿ ಬಂದು ಶೂ ಕೂಡ ಬಿಚ್ಚದೆ ಅವಳ ಲ್ಯಾಟಿನ್ ಪದಗಳ ಚೀಟಿಗಳನ್ನು ಹಿಡಿದು ಕೂರುತ್ತಿದ್ದರು, ಹೇಳು ಮಗಾ, ಪುಯೆಲ್ಲಾ ಅಂದ್ರೆ ಎಂತ, ಹುಡುಗಿ ಅಲ್ವಾ, ಅವಳು ನಗುತ್ತಿದ್ದಳು, ಪಪ್ಪಾ, ಯುವರ್ ಆಕ್ಸೆಂಟ್ — ಜನವರಿಯಲ್ಲಿ ಎದೆನೋವು ಅಂದವರು ಆಂಬುಲೆನ್ಸ್ ಬರುವವರೆಗೂ ಕಾಯಲಿಲ್ಲ, ಬರ್ಮಿಂಗ್‌ಹ್ಯಾಮಿನಿಂದ ಬಂದ ಭಾವ, ಇವರ ಅಣ್ಣ, ಶವಪೆಟ್ಟಿಗೆಯ ಪಕ್ಕ ನಿಂತು ಕರೆದರು, ಬಾ ಚರಿ, ಪಪ್ಪನ ಬಾಯಿಗೆ ಅಕ್ಕಿ ಹಾಕು, ಕರುಣಾಕರನಿಗೆ ಇರುವುದು ನೀನೊಬ್ಬಳೇ, ಅವಳು ಐ ಕಾಂಟ್, ಐ ಕಾಂಟ್ ಅನ್ನುತ್ತಾ ಬಾಗಿಲಿನತ್ತ ಓಡಿದಳು, ನಾನೇ ಹಾಕಿದೆ, ಆಮೇಲೆ ಕಾರಿನಲ್ಲಿ ಹೇಳಬಾರದ್ದನ್ನು ಹೇಳಿದೆ, ಅಷ್ಟೂ ಆಗಲಿಲ್ಲವಾ ನಿನ್ನ ಕೈಯಲ್ಲಿ, ಅಂದಿನಿಂದ ನಮ್ಮಿಬ್ಬರ ನಡುವೆ ಊಟಕ್ಕೆ ಬಾ, ಬಸ್ ಬಂತು, ಇಷ್ಟೇ ಮಾತು —

ಕನ್ನಡಕದ ಮೇಷ್ಟ್ರು ಹಾಳೆ ತಿರುವಿದರು, ಪ್ರಾಚೀನ ರೋಮಿನಲ್ಲಿ ಸತ್ತವರ ಬಾಯೊಳಗೆ ಏನನ್ನು ಇಡುತ್ತಿದ್ದರು, ಅಯ್ಯೋ, ಇದನ್ನೇ ಕೇಳಬೇಕಿತ್ತೇ ಇವರು, ಅವಳಿಗೆ ಗೊತ್ತು, ನಾಣ್ಯ, ಸತ್ತವರನ್ನು ನದಿ ದಾಟಿಸುವ ಅಂಬಿಗನಿಗೆ ಕೊಡಲು, ಕಳೆದ ವರ್ಷ ಅಡುಗೆಮನೆಯಲ್ಲಿ ಪಪ್ಪನಿಗೆ ಓದಿ ಹೇಳಿದವಳೇ ಅವಳು, ಬೆರಳು ಗುಂಡಿಯ ಮೇಲೇ ಇದೆ, ಪಕ್ಕದ ಹುಡುಗಿ ತೋಳು ತಿವಿಯುತ್ತಿದ್ದಾಳೆ, ಒತ್ತು ಮಗಾ, ಒತ್ತು, ಒತ್ತಲಿಲ್ಲ, ಬಲಗಡೆಯ ಹುಡುಗ ಎ ಕಾಯಿನ್ ಅಂದ, ಸರಿಯುತ್ತರ, ಚಪ್ಪಾಳೆ, ಕುರ್ಚಿಗಳು ಸರಿಯುವ ಸದ್ದು, ಅವಳು ನೇರ ನನ್ನ ಮುಂದೆ ಬಂದು ನಿಂತಳು, ಐ ನ್ಯೂ ಇಟ್, ಅಮ್ಮಾ. ನಂಗೆ ಗೊತ್ತುಂಟು ಮಗಾ, ಅವತ್ತು ಕಾರಲ್ಲಿ ನಾನು ಹಾಗೆ ಹೇಳ್ಬಾರ್ದಿತ್ತು, ತಪ್ಪಾಯ್ತು. ನನ್ನ ಕೋಟಿನ ತೋಳು ಹಿಡಿದಳು, ಎಷ್ಟೋ ತಿಂಗಳ ಮೇಲೆ ಅವಳ ಬಾಯಲ್ಲಿ ಕನ್ನಡ, ಅಕ್ಕಿ ಒಳಗೆ ಹೋಯ್ತಾ, ಅಮ್ಮಾ — ಹೂಂ ಅನ್ನಬೇಕು, ಅನ್ನಲೆಂದೇ ಬಾಯಿ ತೆರೆದಿದ್ದೇನೆ, ಆದರೆ ಅವರ ತುಟಿ ಸೆಟೆದಿತ್ತು, ಕೆಳತುಟಿಯ ಮೇಲೆ ಒಂದು ಬಿಳಿ ಕಾಳು, ಒಳಗೂ ಹೋಗದೆ ಕೆಳಗೂ ಬೀಳದೆ, ತುಟಿಯ ಮೇಲೆ, ಆ ಒಂದು ಕಾಳು, ಆ ಕಾಳು —