ಬರುವಾಗ ಇಬ್ಬರು

ಪೆನ್ನಿಗೆ ಕಟ್ಟಿದ ದಾರ ಗಿಡ್ಡ, ರಿಸರ್ವೇಶನ್ ಚೀಟಿಯನ್ನು ಅಡ್ಡ ತಿರುಗಿಸಿದರೆ ಮಾತ್ರ ಬರೆಯಲಾಗುತ್ತದೆ, ಯಾವನು ಕಟ್ಟಿದನೋ, ಕೈಗೆ ಸಿಕ್ಕಿದ್ದರೆ — ಬಂಗಾರಪೇಟೆಯಿಂದ ಚೆನ್ನೈಗೆ, ಒತ್ತಿ ಬರೆದೆ, ಕಾಗದ ಹರಿಯಿತು, ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟು ವೆಲ್ಡಿಂಗ್ ಹಿಡಿದವನಿಗೆ ಇಷ್ಟು ಸಣ್ಣ ಚೌಕ ಕೊಟ್ಟರೆ ಇನ್ನೇನಾಗುತ್ತದೆ, ಇನ್ನೊಂದು ಚೀಟಿ ತೆಗೆದುಕೊಂಡೆ. ಏನಪ್ಪಾ, ಪರೀಕ್ಷೆ ಬರೀತಿದೀಯಾ, ಟ್ರೈನೇ ಓಗ್ಬಿಡ್ತದೆ, ಹಿಂದೆ ನಿಂತ ಮುದುಕ ನಗುತ್ತಾನೆ, ತಿರುಗಿ ನೋಡಿದೆ, ನಗು ನಿಂತಿತು, ನಾನು ತಿರುಗಿದರೆ ಎಲ್ಲರ ನಗುವೂ ನಿಲ್ಲುತ್ತದೆ, ಅಮ್ಮನದೂ. ಹೋಗುವಾಗ ಒಬ್ಬ, ಬರುವಾಗ ಇಬ್ಬರು, ಹಾಗಂತ ಅಮ್ಮ ಹೇಳಿ ಕಳಿಸಿದ್ದು, ಏಳು ತಿಂಗ್ಳು ತುಂಬಾಕೆ ಮುಂಚೆ ನವ್ಯನ್ನ ಕರ್ಕೊಂಡು ಬರ್ಬೇಕು ಕಣ್ಲಾ ಮುನಿರಾಜು, ಮೊದಲ್ನೇ ಬಾಣಂತನ ತವರಲ್ಲೇ, ನಿಮ್ಮಪ್ಪ ಇದ್ದಿದ್ರೆ ಅವ್ರೇ ಓಗೋರು, ಈಗ ಅಣ್ಣ ಓಗಿ ಕರೀದೆ ಎಂಗ್ಲಾ ಬತ್ತಾಳೆ. ಹೋಗುವಾಗ ಮಾತ್ರ ನನ್ನನ್ನು ಕೇಳಿದಳಾ ತಂಗಿ, ಉರಿಗಾಂನ ಆ ಅಂಬರೀಶ್ ಬಾ ಅಂದ, ಹೊರಟಳು, ಈಗ ಸಮುದ್ರದ ಪಕ್ಕ ಮನೆಯಂತೆ, ಸಮುದ್ರವಂತೆ ಸಮುದ್ರ, ಕುಡಿಯಲಾಗದ ನೀರು ಅಷ್ಟೊಂದು ಯಾಕೆ ಬೇಕು — ಚೀಲದಲ್ಲಿ ಹಸಿರು ಬಳೆ, ಅಮ್ಮ ಹಳೇ ಸೀರೆಯಲ್ಲಿ ಸುತ್ತಿಟ್ಟಿದ್ದಾಳೆ, ಒಡೆದರೆ ಕೊಂದುಬಿಡ್ತೀನಿ ಅಂದಳು, ನನಗೆ ಹಾಗನ್ನುವ ಧೈರ್ಯ ಅಮ್ಮನಿಗೆ ಯಾವಾಗ ಬಂತು.

ಬರುವಾಗಿನ ಚೀಟಿ, ಹೆಸರು ನವ್ಯ, ವಯಸ್ಸು, ನನ್ನದರಲ್ಲಿ ಮೂರು ಕಳೆದರೆ ಇಪ್ಪತ್ತೊಂದು, ಬರೆಯಲೋ ಬೇಡವೋ, ಅವಳು ಬರ್ತೀನಿ ಅಂದಿಲ್ಲವಲ್ಲ, ನಿನ್ನೆ ಅಮ್ಮ ಫೋನನ್ನು ನನ್ನ ಕೈಗೆ ತುರುಕಿದಳು, ಒಂದೂವರೆ ವರ್ಷದ ಮೇಲೆ ಮೊದಲ ಸಲ ತಂಗಿಯ ಜೊತೆ ಮಾತು, ಶನಿವಾರ ಬತ್ತೀನಿ ಅಂದೆ, ಇರಣ್ಣ, ಆ ಕಿವಿ ಕೇಳಲ್ಲ, ಈ ಕಡೆ ಇಟ್ಕೋತೀನಿ, ಊಂ, ಈಗೇಳು. ಯಾವಾಗಿನಿಂದ ಎಂದು ನಾನು ಕೇಳಲಿಲ್ಲ, ಬಾ ಅಣ್ಣ, ಬೀಚಿಗೆ ಓಗಾಣ ಅಂದಳು, ನಿನ್ನ ಜೊತೆ ಊರಿಗೆ ಬತ್ತೀನಿ ಅನ್ನಲಿಲ್ಲ, ಅಲೆ ಹೊಡೆಯುವ ಕಡೆ ಅವಳ ಯಾವ ಪಕ್ಕ ನಿಂತು ಮಾತಾಡುವುದು, ತಪ್ಪಾಯ್ತು ಅನ್ನುವುದು ಕೂಗಿ ಹೇಳುವ ಮಾತಾ, ಟ್ರೈನಿನಲ್ಲಿ ಅವಳ ಬಲಕ್ಕೆ ಕೂರಬೇಕು, ನನ್ನ ಬಲಗೈ ಅಂದರೆ ಎದುರಿಗೆ ನಿಂತವಳ ಎಡಗಿವಿ, ಹೌದು, ಎಡ — ಅವಳು ಹೊರಟ ದಿನ, ಕಾಮಸಮುದ್ರದ ಬಸ್ ನಿಲ್ದಾಣ, ಅಂಬರೀಶ್ ಬ್ಯಾಗು ಹಿಡಿದು ನಿಂತಿದ್ದಾನೆ, ಅವನಿಗೇ ಹೊಡೆಯಲು ಹೋದೆ, ಇವಳು ಅಡ್ಡ ಬಂದಳು, ಊರಿಗೆಲ್ಲ ಹಾಗೇ ಹೇಳಿದ್ದು, ಇಲ್ಲ, ಅಡ್ಡ ಬರಲಿಲ್ಲ, ಅವಳಿಗೇ ಹೊಡೆದೆ, ಅವಳು ಅಳಲಿಲ್ಲ, ಅಂಗೈಯಲ್ಲಿ ಕಿವಿ ಮುಚ್ಚಿಕೊಂಡು ಬಸ್ಸು ಹತ್ತಿದಳು, ಕಿಟಕಿಯ ಪಕ್ಕ ಕೂತಳು, ಕೈ ಕಿವಿಯ ಮೇಲೆ, ಬರುವಾಗ ಒಬ್ಬರಾ ಇಬ್ಬರಾ, ಬೇಗ ಹೇಳಪ್ಪಾ, ಕೌಂಟರಿನವನು ಕೇಳುತ್ತಿದ್ದಾನೆ, ಬಸ್ಸು ತಿರುಗಿತು, ಕೈ ಕಿವಿಯ ಮೇಲೆ, ಧೂಳು ಎದ್ದಿತು, ಕೈ ಇನ್ನೂ ಕಿವಿಯ ಮೇಲೆ