ಗುರುವಾರದವಳ ಬಟ್ಟೆಗಳು

ಔಷಧಿ ಅಂಗಡಿಯವರು ತೀರಿಕೊಂಡ ಹೆಂಡತಿಯ ಬಟ್ಟೆಗಳನ್ನು ಎರಡು ಚೀಲಗಳಲ್ಲಿ ತುಂಬಿಕೊಂಡು ಹೊಲಿಗೆಮನೆಗೆ ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ಚೀಲಗಳನ್ನು ಮೇಜಿನ ಮೇಲಿಟ್ಟು, ಅಂಚಿನ ಸುಕ್ಕನ್ನು ಬೆರಳಿನಿಂದ ಸವರಿ ಸರಿಮಾಡಿದರು.

"ಒಂದು ಕೌದಿ ಮಾಡಿಕೊಡಿ. ನಾಳೆ ಹನ್ನೊಂದಕ್ಕೆ ಅಂಗಡಿ ಮುಚ್ಚಿ ಬರ್ತೀನಿ. ಕತ್ತರಿಸೋದನ್ನ ನಾನು ಕಣ್ಣಾರೆ ನೋಡಬೇಕು."

ಅದು ಹೊಸದೇನಲ್ಲ. ಕತ್ತರಿ ಆಡುವಾಗ ಜೊತೆಗಿರುತ್ತೇವೆ ಎನ್ನುವವರು ಎಷ್ಟೋ ಜನ ಬರುತ್ತಿದ್ದರು. ಹೊಲಿಗೆಮನೆ ಹುಟ್ಟಿದ್ದೇ ಹಾಗೆ. ಹಿಂದೆ ಮುದ್ರಣಾಲಯವಿದ್ದ ಆ ಉದ್ದನೆಯ ಹಜಾರವನ್ನು ಹನ್ನೊಂದು ವರ್ಷದ ಹಿಂದೆ ಇಬ್ಬರು ಹೆಂಗಸರು ಬಾಡಿಗೆಗೆ ಹಿಡಿದಿದ್ದರು, ಅತ್ತಿಗೆ ಮತ್ತು ನಾದಿನಿ. ಅತ್ತಿಗೆಯ ಗಂಡ, ಅಂದರೆ ನಾದಿನಿಯ ಅಣ್ಣ, ತೀರಿಕೊಂಡಾಗ ಅವನ ಅಂಗಿಗಳನ್ನು ಯಾರಿಗೂ ಕೊಡಲು ಮನಸ್ಸು ಬಾರದೆ, ಇಬ್ಬರೂ ಕೂತು ಕತ್ತರಿಸಿ ಒಂದು ಕೌದಿ ಹೊಲಿದರು. ಅದನ್ನು ನೋಡಿ ಪಕ್ಕದ ಬೀದಿಯವರು ತಮ್ಮ ತಾಯಿಯ ಬಟ್ಟೆ ತಂದರು, ಇನ್ನೊಬ್ಬರು ಮಗಳದ್ದು ತಂದರು. ಬರಬರುತ್ತಾ ಮಗ್ಗ ಬಂತು, ನೂಲಿಗೆ ಬಣ್ಣ ಹಾಕುವ ಒಲೆ ಬಂತು, ಹೆಂಗಸರಿಗೆ ಉಚಿತ ತರಗತಿಗಳು ಶುರುವಾದವು. ನಾದಿನಿಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು, ಓಡಾಟ, ಕಾಗದಪತ್ರ, ಭಾಷಣವೆಲ್ಲ ಅವಳದ್ದು. ಅತ್ತಿಗೆಗೆ ಮಾತು ಕಡಿಮೆ. ಹರಿದ ಬಟ್ಟೆಯನ್ನು ಎಳೆಗೆ ಎಳೆ ಕೂಡಿಸಿ ಹರಿದದ್ದೇ ಸುಳ್ಳು ಅನ್ನಿಸುವಂತೆ ಮಾಡುತ್ತಿದ್ದಳು. ಹಾಗಾಗಿ ಅವಳು ರಫೂ ಅಕ್ಕ. ಇವರಿಬ್ಬರ ನಡುವೆ ಕತ್ತರಿ ಹಿಡಿದು ಕೂರುತ್ತಿದ್ದವನು ಟೈಲರ್ ಮಾವ. ಎಪ್ಪತ್ತು ದಾಟಿದವನು, ಒಂದು ಕಿವಿ ಮಂದ. "ಯಾವ ಕಿವಿ ಅನ್ನೋದು ನಾನು ನಿರ್ಧರಿಸ್ತೀನಿ" ಎಂದು ತಾನೇ ಹೇಳಿಕೊಳ್ಳುತ್ತಿದ್ದ.

ಔಷಧಿ ಅಂಗಡಿಯವರು ಊರಿಗೆ ಬಂದು ಆರು ತಿಂಗಳಾಗಿತ್ತು. ಹೆಂಡತಿ ಹೋಗಿ ಎಂಟು ತಿಂಗಳು, ಆ ಊರಲ್ಲಿ ಇರಲಾರದೆ ಇಲ್ಲಿಗೆ ಬಂದೆ ಎಂದಿದ್ದರು. ಮೆತ್ತಗಿನ ಮಾತು, ಇಸ್ತ್ರಿ ಮುರಿಯದ ಅಂಗಿ. ಯಾರಿಗೆ ಯಾವ ಮಾತ್ರೆ ಎಂಬುದೆಲ್ಲ ಬಾಯಿಪಾಠ. ಹೊಲಿಗೆಮನೆಯ ಆರೋಗ್ಯ ಶಿಬಿರಕ್ಕೆ ಔಷಧಿ ಪೆಟ್ಟಿಗೆಯನ್ನೇ ಕೊಟ್ಟಿದ್ದರು.

ಅವರು ಹೋದ ಮೇಲೆ ರಫೂ ಅಕ್ಕ ಚೀಲ ಬಿಚ್ಚಿ ಬಟ್ಟೆಗಳನ್ನು ಬೇರ್ಪಡಿಸತೊಡಗಿದಳು. ಹತ್ತಿ ಒಂದು ಕಡೆ, ಉಣ್ಣೆ ಒಂದು ಕಡೆ. ಮೂರನೆಯದಾಗಿ ಕೈಗೆ ಬಂದದ್ದು ಬೂದು ಬಣ್ಣದ ಸ್ವೆಟರ್. ಬಲಗೈ ಮೊಣಕೈ ಹತ್ತಿರ ರಫೂ ಮಾಡಿತ್ತು. ಅವಳ ಬೆರಳು ಅಲ್ಲೇ ನಿಂತಿತು.

ಕಿಟಕಿಯ ಬಳಿ ಒಯ್ದು ನೋಡಿದಳು. ನೂಲು ಕೊಳಕು ಪಾಚಿಯ ಬಣ್ಣದ್ದು. ಅದು ಇಡೀ ಊರಿನಲ್ಲಿ ಬೇರೆಲ್ಲೂ ಸಿಗುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೋದ ತಿಂಗಳು ಹಸಿರು ಮಾಡಲು ಹೋಗಿ ಬಣ್ಣದ ಒಲೆ ಕೈಕೊಟ್ಟು, ಆರು ಲಡಿ ನೂಲು ಹಾಳಾಗಿತ್ತು. ಮಾರಲು ಬಾರದ ಆ ನೂಲನ್ನು ಗುರುವಾರದ ರಫೂ ತರಗತಿಗೆ ಕೊಟ್ಟಿದ್ದರು. ಎಳೆಗಳು ಎಡಕ್ಕೆ ವಾಲಿದ್ದವು. ಎಡಗೈಯಲ್ಲಿ ಸೂಜಿ ಹಿಡಿಯುವವರ ಕೆಲಸ ಅದು.

ಆ ತರಗತಿಯಲ್ಲಿ ಎಡಗೈಯವಳು ಒಬ್ಬಳೇ ಇದ್ದಳು. ಹೆಸರು ಹೇಳಲಿಲ್ಲ, ಹಿಂಬಾಗಿಲಿಂದ ಬರುತ್ತಿದ್ದಳು, ಒಂದು ಗಂಟೆ ತಲೆ ತಗ್ಗಿಸಿ ಹೊಲಿದು, ಗೋಡೆಯ ಗಡಿಯಾರ ನೋಡಿ ತಟಕ್ಕನೆ ಎದ್ದು ಹೋಗುತ್ತಿದ್ದಳು. ಉಳಿದವರು ಅವಳನ್ನು ಗುರುವಾರದವಳು ಎಂದು ಕರೆಯುತ್ತಿದ್ದರು. ಮೂರು ಗುರುವಾರ ಬಂದವಳು ನಾಲ್ಕನೆಯದಕ್ಕೆ ಬರಲಿಲ್ಲ. ಬಂದವರೆಲ್ಲ ಕಲಿತು ಮುಗಿಸುತ್ತಾರೆಯೇ ಎಂದು ಇವರೂ ಸುಮ್ಮನಾಗಿದ್ದರು.

ರಫೂ ಅಕ್ಕ ಸ್ವೆಟರನ್ನು ನಾದಿನಿಯ ಮೇಜಿನ ಮೇಲಿಟ್ಟಳು. "ಎಂಟು ತಿಂಗಳ ಹಿಂದೆ ಸತ್ತವಳು, ಹೋದ ತಿಂಗಳ ನೂಲಲ್ಲಿ ಹೇಗೆ ಹೊಲಿದಳು?"

ಮೇಡಂ ಕನ್ನಡಕ ಏರಿಸಿ ನೋಡಿದಳು. "ಯಾರ ಹತ್ರನಾದ್ರೂ ಕೊಟ್ಟು ಹೊಲಿಸಿರಬಹುದು ಅತ್ತಿಗೆ. ಸತ್ತ ಹೆಂಡತಿ ನೆನಪಿಗೆ ಅಂತ."

"ಇದು ಗುರುವಾರದವಳ ಕೈ. ಅವಳ ಮೈಮೇಲೇ ನೋಡಿದೀನಿ ಈ ಸ್ವೆಟರನ್ನ. ನನ್ನ ಮುಂದೇನೇ ತೋಳು ಕಳಚಿ ಹೊಲಿದದ್ದು."

"ನೋಡಿ ಅತ್ತಿಗೆ, ಅವರು ದೊಡ್ಡ ಮನುಷ್ಯರು. ಸುಮ್ಸುಮ್ನೆ ಏನಾದ್ರೂ ಅಂದು ಆಮೇಲೆ..."

ಅಷ್ಟರಲ್ಲಿ ಟೈಲರ್ ಮಾವ ಎರಡನೆಯ ಚೀಲವನ್ನು ಸುರಿದಿದ್ದ. ಅವನ ಮುಖ ಕೆಂಪಾಗಿತ್ತು. ಅಂಗಿ, ಲಂಗಗಳ ಕೆಳಗೆ ಒಳಬಟ್ಟೆಗಳಿದ್ದವು, ಕಾಲುಚೀಲ ಇದ್ದವು, ಸವೆದ ಒಂದು ಜೊತೆ ಚಪ್ಪಲಿಯೂ ಇತ್ತು. ಯಾವುದಕ್ಕೂ ಬೀರುವಿನಲ್ಲಿ ಮಡಿಸಿಟ್ಟ ವಾಸನೆ ಇರಲಿಲ್ಲ. ಮೊನ್ನೆ ಮೊನ್ನೆ ಒಗೆದ ಸೋಪಿನ ವಾಸನೆ.

"ಇಷ್ಟು ವರ್ಷದಲ್ಲಿ ಕೌದಿಗೆ ಅಂತ ಯಾರೂ ಚಪ್ಪಲಿ ಕೊಟ್ಟಿಲ್ಲಮ್ಮ," ಎಂದ ಮಾವ. ಚಪ್ಪಲಿಯನ್ನು ಪಕ್ಕಕ್ಕಿಟ್ಟು ಹೇಳಿದ, "ಅವಳು ಬದುಕಿದ್ರೆ, ಈಗ ಏನು ಹಾಕ್ಕೊಂಡಿದಾಳೆ?"

ರಫೂ ಅಕ್ಕ ಸ್ವೆಟರನ್ನು ಮಡಿಸಿ ತನ್ನ ಕೈಚೀಲಕ್ಕೆ ಹಾಕಿಕೊಂಡಳು.

ಮೇಡಂ ಪೊಲೀಸ್ ಠಾಣೆಗೆ ಫೋನ್ ಮಾಡಿದಳು. ಆ ಕಡೆಯವನು ಎಲ್ಲವನ್ನೂ ಕೇಳಿಸಿಕೊಂಡು, "ಮೇಡಂ, ದೂರು ಕೊಡ್ತಿರೋರು ಯಾರು? ಸ್ವೆಟರ್ರಾ?" ಎಂದು ನಕ್ಕ. ಮನುಷ್ಯರನ್ನು ಕರೆದುಕೊಂಡು ಬನ್ನಿ, ಬರೆದುಕೊಳ್ಳುತ್ತೇವೆ ಎಂದು ಫೋನಿಟ್ಟ.

ಮಾರನೆಯ ದಿನ ಹನ್ನೊಂದಕ್ಕೆ ಔಷಧಿ ಅಂಗಡಿಯವರು ಬಂದರು. ಅವರನ್ನು ಕತ್ತರಿಸುವ ಕೋಣೆಯಲ್ಲಿ ಕೂರಿಸಿ, ಬಾಗಿಲು ಹಾಕಿದ್ದು ಕಂಡ ಮೇಲೆಯೇ ರಫೂ ಅಕ್ಕ ಹಿಂಬಾಗಿಲಿಂದ ಹೊರಬಿದ್ದದ್ದು. ಕೈಚೀಲದಲ್ಲಿ ಆ ಸ್ವೆಟರ್ ಮತ್ತು ಒಂದು ಉದ್ದ ಲಂಗ. ಎರಡು ಬೀದಿಯಾಚೆ, ಮಹಡಿಯ ಮೇಲೆ ಅವರ ಮನೆ. ಅವಳ ಮಂಡಿಗೆ ಆ ಮೆಟ್ಟಿಲುಗಳು ಹಿಡಿಸುವಂಥವಲ್ಲ, ಆದರೆ ಅಂದು ಅವಳಿಗೆ ಮಂಡಿ ಇದೆಯೆಂಬುದೇ ನೆನಪಿರಲಿಲ್ಲ. ಮೇಲಿನ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು. ಕಿಟಕಿಗಳಿಗೆ ಒಳಗಿನಿಂದ ಔಷಧಿ ಡಬ್ಬಿಯ ರಟ್ಟು ಹೊಡೆದಿತ್ತು.

ಕೆಳಗೆ ಅಂಗಳದಲ್ಲಿ ಓನರಮ್ಮ ಬಟ್ಟೆ ಒಣಹಾಕುತ್ತಿದ್ದಳು.

"ಮೇಲೆ ಯಾರಿದಾರಮ್ಮ?"

"ಯಾರೂ ಇಲ್ಲ. ಒಂಟಿ ಗಂಡಸು, ಬೆಳಿಗ್ಗೆ ಹೋದ್ರೆ ಸಂಜೆಗೆ ಬರೋದು."

"ಸದ್ದು ಕೇಳಿಸಲ್ವಾ?"

ಓನರಮ್ಮ ಕ್ಲಿಪ್ಪು ಬಾಯಲ್ಲಿ ಕಚ್ಚಿಕೊಂಡೇ ಯೋಚಿಸಿದಳು. "ನಡೆದಾಡೋ ಸದ್ದು ಕೇಳಿಸುತ್ತೆ ಆಗಾಗ. ಕೇಳಿದ್ದಕ್ಕೆ ಬೆಕ್ಕು ಸಾಕಿದೀನಿ ಅಂದ್ರು."

"ನೀವು ಆ ಬೆಕ್ಕನ್ನ ನೋಡಿದೀರಾ?"

ಓನರಮ್ಮ ಕ್ಲಿಪ್ಪನ್ನು ಬಾಯಿಂದ ತೆಗೆದಳು. ಮೇಲಿನ ಕಿಟಕಿಯತ್ತ ನೋಡಿದಳು. ಆಮೇಲೆ ಒಳಗೆ ಹೋಗಿ ಇನ್ನೊಂದು ಕೀಲಿಕೈ ತಂದಳು.

ಬೀಗ ತೆರೆಯಿತು, ಬಾಗಿಲು ತೆರೆಯಲಿಲ್ಲ. ಯಾರೋ ಒಳಗಿನಿಂದ ಒತ್ತಿ ಹಿಡಿದಿದ್ದರು.

"ನಾನಮ್ಮ, ರಫೂ ಅಕ್ಕ. ಗುರುವಾರ ಸಿಗ್ತಿದ್ವಲ್ಲ."

ಒಳಗೆ ಉಸಿರಾಟ. ಆಮೇಲೆ ಸಣ್ಣ ದನಿ. "ಬರಬೇಡಿ ಅಕ್ಕ. ಮೈಮೇಲೆ ಬಟ್ಟೆ ಇಲ್ಲ."

"ತಂದಿದೀನಿ. ಕೈ ಚಾಚು."

ಬಾಗಿಲು ನಾಲ್ಕು ಬೆರಳಗಲ ಸರಿಯಿತು. ಎಡಗೈಯೊಂದು ಹೊರಬಂದು ಸ್ವೆಟರನ್ನೂ ಲಂಗವನ್ನೂ ಎಳೆದುಕೊಂಡಿತು. ಮಣಿಕಟ್ಟು ಮಕ್ಕಳ ಕೈಯಂತೆ ಸಣ್ಣಗಾಗಿತ್ತು. ಅವಳು ಉಟ್ಟುಕೊಂಡು ಈಚೆ ಬಂದಾಗ, ಅಲ್ಲಿಯವರೆಗೆ ಸುತ್ತಿಕೊಂಡಿದ್ದ ಮೇಜಿನ ಹೊದಿಕೆ ನೆಲದ ಮೇಲೆ ಬಿದ್ದಿತ್ತು. ಅವಳ ನಾಲಿಗೆ ತೊದಲುತ್ತಿತ್ತು, ಕಣ್ಣು ತೇಲುತ್ತಿತ್ತು. ಏನೋ ಮಾತ್ರೆ ಕೊಡುತ್ತಿದ್ದಾನೆ ಎಂದು ಯಾರೂ ಹೇಳಬೇಕಾಗಿರಲಿಲ್ಲ.

"ತೋಳಲ್ಲಿ ಹೊಸ ನೂಲು ಕಂಡಿತು ಅವರಿಗೆ," ಎಂದಳು. "ಎಲ್ಲಿಂದ ಬಂತು, ಎಲ್ಲಿಂದ ಬಂತು ಅಂತ ಎರಡು ದಿನ ಕೇಳಿದ್ರು. ಆಗಿನ್ನೂ ಬೀಗ ಹಾಕ್ತಿರಲಿಲ್ಲ, ಓನರಮ್ಮ ಮಲಗಿದ ಹೊತ್ತಲ್ಲಿ ಇಳಿದು ಬರ್ತಿದ್ದೆ. ಅದನ್ನ ಹೇಳಿಬಿಟ್ಟೆ. ಆಮೇಲೆ ಎಲ್ಲ ತುಂಬ್ಕೊಂಡು ಹೋದ್ರು. ಆ ಹೊಲಿಗೆಮನೆಯವರ ಕೈಯಲ್ಲೇ ಕತ್ತರಿ ಹಾಕಿಸಿ, ಕೌದಿ ಮಾಡಿಸಿ, ತಂದು ನಿನಗೇ ಹೊದಿಸ್ತೀನಿ ಅಂದ್ರು. ಕತ್ತರಿಸಿಬಿಟ್ರಾ ಅಕ್ಕ?"

ರಫೂ ಅಕ್ಕ ಅವಳ ತೋಳು ಹಿಡಿದು ಮೆಟ್ಟಿಲಿನತ್ತ ನಡೆಸಿದಳು. ಆ ಹೊತ್ತಿಗೆ ಕತ್ತರಿಸುತ್ತಲೇ ಇದ್ದರು.

ಹೊಲಿಗೆಮನೆಯಲ್ಲಿ ನಡೆದದ್ದನ್ನು ಮೇಡಂ ಆಮೇಲೆ ಹೇಳಿದಳು. ಟೈಲರ್ ಮಾವ ಬೇಕೆಂದೇ ತಡಮಾಡಿದನಂತೆ. ಒಂದೊಂದು ಬಟ್ಟೆಗೂ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಅಳಿಸಿ, ಮತ್ತೆ ಎಳೆದು. ಔಷಧಿ ಅಂಗಡಿಯವರು ಏನಾದರೂ ಕೇಳಿದರೆ "ಹಾಂ?" ಎಂದು ಮಂದ ಕಿವಿ ತಿರುಗಿಸಿದನಂತೆ. ಅವರು ಮಂಡಿಯ ಮೇಲೆ ಕೈಯಿಟ್ಟು, ಪ್ರತಿ ಸಲ ಕತ್ತರಿ ಕಚ್ಚಿದಾಗಲೂ ಸಣ್ಣಗೆ ತಲೆಯಾಡಿಸುತ್ತಿದ್ದರಂತೆ. ಅವರ ಮುಖದಲ್ಲಿ ದುಃಖವಿರಲಿಲ್ಲ, ಸಿಟ್ಟೂ ಇರಲಿಲ್ಲ. ಕೆಲಸ ಸರಿಯಾಗಿ ಆಗುತ್ತಿದೆಯೇ ಎಂದು ನೋಡುವವರ ಮುಖ. ಏಳನೆಯ ಬಟ್ಟೆ ಮುಗಿಯುವಾಗ ಅವರು ಉಳಿದ ರಾಶಿಯತ್ತ ಬೆರಳು ತೋರಿಸಿದರು.

"ಹದಿನಾಲ್ಕು ಕೊಟ್ಟಿದ್ದೆ. ಬೂದು ಸ್ವೆಟರ್ ಎಲ್ಲಿ?"

"ಉಣ್ಣೆಯದು ಬೇರೆ ಇಟ್ಟಿದೀವಿ," ಎಂದಳು ಮೇಡಂ.

"ನಿಮ್ಮ ಅತ್ತಿಗೆ ಎಲ್ಲಿ?"

"ಇಲ್ಲೇ... ಒಲೆ ಹತ್ರ ಇರಬೇಕು."

ಅವರು ಮೇಡಂ ಮುಖವನ್ನೇ ನೋಡಿದರು. ಎದ್ದರು. ಕುರ್ಚಿಯನ್ನು ಗೋಡೆಗೆ ಸರಿಸಿಟ್ಟರು. "ಬರ್ತೀನಿ," ಎಂದು ನಡೆದುಕೊಂಡೇ ಹೋದರು. ಓಡಲಿಲ್ಲ.

ಅವರು ಮನೆ ಮುಟ್ಟುವ ಹೊತ್ತಿಗೆ ಓನರಮ್ಮನ ಚಪ್ಪಲಿ ಮೆಟ್ಟಿಕೊಂಡು ಗುರುವಾರದವಳು ಠಾಣೆಯ ಬೆಂಚಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ರಫೂ ಅಕ್ಕ. "ಮನುಷ್ಯರನ್ನ ಕರ್ಕೊಂಡು ಬಂದಿದೀನಿ, ಬರ್ಕೊಳ್ಳಿ," ಎಂದಳು. ಯಾರೂ ನಗಲಿಲ್ಲ.

ಔಷಧಿ ಅಂಗಡಿಯವರನ್ನು ಪೊಲೀಸರು ಹಿಡಿದುಕೊಂಡು ಹೋದದ್ದು ನಿಜ. ಆದರೆ ಒಂಬತ್ತು ದಿನಕ್ಕೆ ಬಿಟ್ಟರು. ಹೆಂಡತಿಗೆ ತಲೆ ಸರಿಯಿಲ್ಲ, ಬಟ್ಟೆ ಹರಿದುಕೊಂಡು ಬೀದಿಗೆ ಓಡುತ್ತಾಳೆ, ಮರ್ಯಾದೆಗೆ ಅಂಜಿ ಸತ್ತಳೆಂದು ಹೇಳಿದೆ ಎಂದು ಅಷ್ಟೇ ಮೆತ್ತಗೆ ಹೇಳಿದರಂತೆ. ವೈದ್ಯರ ಚೀಟಿಗಳನ್ನೂ ತೋರಿಸಿದರಂತೆ. ಪ್ರಕರಣ ನಡೆಯುತ್ತದೆ, ನಿಧಾನವಾಗಿ ನಡೆಯುತ್ತದೆ ಎಂದು ವಕೀಲರು ಹೇಳಿದರು. ಹತ್ತನೆಯ ದಿನ ಅಂಗಡಿಯ ಬಾಗಿಲು ತೆರೆಯಿತು. ಮೊದಲೆರಡು ದಿನ ಜನ ಆ ಕಡೆ ಸುಳಿಯಲಿಲ್ಲ. ಮೂರನೆಯ ದಿನ ಒಬ್ಬರಿಗೆ ಜ್ವರ, ಇನ್ನೊಬ್ಬರಿಗೆ ಸಕ್ಕರೆ ಕಾಯಿಲೆಯ ಮಾತ್ರೆ. ವಾರದೊಳಗೆ ಸಾಲು ಮೊದಲಿನಷ್ಟೇ ಉದ್ದವಾಯಿತು. ಸಾಲಿನಲ್ಲಿ ಹೊಲಿಗೆಮನೆಯ ಹೆಂಗಸರೂ ಇದ್ದರು. "ಗಂಡ ಹೆಂಡತಿ ವಿಷಯ, ನಮಗೇನು ಗೊತ್ತು," ಎಂದು ಒಬ್ಬಳು ರಫೂ ಅಕ್ಕನಿಗೆ ಮುಖ ಕೊಡದೆ ಹೇಳಿದಳು.

ಗುರುವಾರದವಳನ್ನು ಮೇಡಂ ತನ್ನ ಚಿಕ್ಕಮ್ಮನ ಮಗಳ ಮನೆಯಲ್ಲಿ ಇರಿಸಿದ್ದಳು. ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಅವಳ ನಾಲಿಗೆಯ ತೊದಲು ಹೋಗಿತ್ತು. ಊಟ ಸೇರುತ್ತಿತ್ತು. ಆದರೂ ಬಾಗಿಲು ತಟ್ಟಿದ ಸದ್ದಾದರೆ ಸಾಕು, ಕೋಣೆಯ ಮೂಲೆಗೆ ಹೋಗಿ ನಿಲ್ಲುತ್ತಿದ್ದಳಂತೆ.

ಒಂದು ಮಧ್ಯಾಹ್ನ ರಫೂ ಅಕ್ಕ ಅಂಗಡಿಯ ಎದುರಿನ ಪಾದಚಾರಿ ದಾರಿಯಲ್ಲಿ ಹೋಗುತ್ತಿದ್ದಳು. ಅವರು ಕೌಂಟರಿನ ಹಿಂದಿನಿಂದ ಹೊರಬಂದು ಮೆಟ್ಟಿಲ ಮೇಲೆ ನಿಂತರು.

"ಚೆನ್ನಾಗಿದೀರಾ ಅಕ್ಕ? ಮಂಡಿ ನೋವು ಹೇಗಿದೆ?"

ಅವಳು ನಿಲ್ಲಬಾರದಿತ್ತು, ನಿಂತಳು.

"ಚಿಕ್ಕಮ್ಮನ ಮಗಳ ಮನೆ ಗಾಳಿ ಬೆಳಕು ಚೆನ್ನಾಗಿದೆಯಂತೆ. ನೀಲಿ ಗೇಟು, ಅಲ್ವಾ?" ಎಂದರು, ಗಿರಾಕಿಯೊಬ್ಬನಿಗೆ ಚಿಲ್ಲರೆ ಕೊಡುವ ದನಿಯಲ್ಲೇ. "ಅರ್ಧ ಕತ್ತರಿಸಿದ್ದು ಹಾಗೇ ಬಿಟ್ಟಿದೀರಲ್ಲ, ಹೊಲಿದು ಮುಗಿಸಿ. ಕೆಲಸ ಅರ್ಧಕ್ಕೆ ನಿಂತರೆ ನಂಗೆ ನಿದ್ದೆ ಬರಲ್ಲ."

ಅವಳು ಹೊಲಿಗೆಮನೆಗೆ ಬಂದು ಕುಡಿಯಲು ನೀರು ಕೇಳಿದಳು. ವಿಷಯ ಕೇಳಿದ ಮೇಡಂ ಅಲ್ಲೇ ಫೋನೆತ್ತಿದಳು. ಅರ್ಧ ಗಂಟೆಯೊಳಗೆ ಟೈಲರ್ ಮಾವ ಹೊರಟು ನಿಂತ. ಗುರುವಾರದವಳನ್ನು ಕರೆದುಕೊಂಡು ಇನ್ನೂ ದೂರಕ್ಕೆ, ಹೆಂಗಸರನ್ನು ಕಾಪಾಡುವ ಒಂದು ಮನೆಗೆ ಬಿಟ್ಟು ಬರುವುದೆಂದಾಯಿತು. ಮೇಡಂ ಒಂದು ಚೀಟಿಯಲ್ಲಿ ಊರು ಬರೆದು ಅವನ ಜೇಬಿಗೆ ತುರುಕಿದಳು.

"ಎಲ್ಲಿಗೆ ಅಂತ..." ಎಂದು ಮಾವ ಶುರುಮಾಡಿದ.

"ನನ್ನ ಮುಂದೆ ಹೇಳಬೇಡಿ," ಎಂದಳು ರಫೂ ಅಕ್ಕ. "ನನ್ನ ಮುಖದಲ್ಲಿ ಏನೂ ನಿಲ್ಲಲ್ಲ. ಓದಿಬಿಡ್ತಾನೆ."

ಮಾವ ಮಾರನೆಯ ದಿನ ಸಂಜೆ ವಾಪಸು ಬಂದ. ಎಲ್ಲಿ, ಹೇಗೆ ಎಂದು ರಫೂ ಅಕ್ಕ ಕೇಳಲಿಲ್ಲ. ಊಟ ಮಾಡಿದಳಾ ಎಂದಷ್ಟೇ ಕೇಳಿದಳು. ಮಾಡಿದಳು, ದಾರಿಯುದ್ದಕ್ಕೂ ನಿದ್ದೆ ಮಾಡಿದಳು ಎಂದ ಮಾವ. ಇಳಿಯುವಾಗ ಅಕ್ಕನಿಗೆ ಹೇಳಿ ಎಂದಳಂತೆ. ಏನು ಹೇಳಬೇಕೆಂದು ಮಾತ್ರ ಹೇಳಲಿಲ್ಲವಂತೆ.

ಎಂಟು ದಿನ ಕಳೆದು ಔಷಧಿ ಅಂಗಡಿಯವರೇ ಹೊಲಿಗೆಮನೆಯ ಬಾಗಿಲಿಗೆ ಬಂದರು. ತರಗತಿ ನಡೆಯುತ್ತಿತ್ತು, ಹದಿನೈದು ಹೆಂಗಸರು ಸೂಜಿ ನಿಲ್ಲಿಸಿ ನೋಡಿದರು. ಅವರು ಒಳಗೆ ಬರಲಿಲ್ಲ. ಹೊಸ್ತಿಲಾಚೆ ನಿಂತು ರಫೂ ಅಕ್ಕನನ್ನೇ ಕೇಳಿದರು.

"ಅವಳು ಎಲ್ಲಿ?"

"ಗೊತ್ತಿಲ್ಲ."

ಅವರು ನಿಂತೇ ಇದ್ದರು. ಅವಳ ಹಣೆ, ಕಣ್ಣು, ತುಟಿ, ಕುತ್ತಿಗೆಯ ನರ, ಒಂದೊಂದನ್ನೇ ನಿಧಾನವಾಗಿ ನೋಡಿದರು, ಔಷಧಿ ಚೀಟಿ ಓದುವಂತೆ. ಅವಳು ಮುಖ ತಿರುಗಿಸಲಿಲ್ಲ. ಅಡಗಿಸುವುದಕ್ಕೆ ಅವಳ ಬಳಿ ಏನೂ ಇರಲಿಲ್ಲ.

ಕೊನೆಗೆ ಅವರ ರೆಪ್ಪೆ ಒಂದು ಸಲ ಮುಚ್ಚಿ ತೆರೆಯಿತು. ನಂಬಿದರು. ತಿರುಗಿ ಅಂಗಡಿಯ ಕಡೆ ನಡೆದರು. ಅಲ್ಲಿ ಆಗಲೇ ನಾಲ್ಕು ಜನ ಸಾಲಿನಲ್ಲಿ ಕಾಯುತ್ತಿದ್ದರು.