ಅಮರೇಶಪ್ಪನ ಹಿತ್ತಾಳೆ ಹಳಿ

ಗಂಡನ ಬುದ್ಧಿ ನೆಟ್ಟಗಿದೆ ಎನ್ನುವುದಕ್ಕೆ ಶಿವದೇವಿಯ ಬಳಿ ಇದ್ದದ್ದು ಒಂದೇ ಸಾಕ್ಷಿ: ತಾರ್ನಾಕದ ಮನೆಯ ಹಿತ್ತಲಲ್ಲಿ ಆತ ಸ್ವಂತ ಕೈಯಿಂದ ಹಾಸಿದ ಆಟದ ರೈಲಿನ ಹಳಿ. ಮಗಳು ರಶ್ಮಿ ಬಾಯಿ ತೆರೆದರೆ ಸಾಕು, ಇವಳು ಹಿತ್ತಲ ಬಾಗಿಲ ಕಡೆ ಕೈ ತೋರಿಸುತ್ತಿದ್ದಳು.

"ಅವ್ವ, ಅಪ್ಪಗ ಮರವು ಭಾಳ ಆಗೈತಿ. ಒಮ್ಮೆ ಡಾಕ್ಟರಿಗೆ ತೋರಸೂಣು."

"ನಿನ್ನ ತಲಿ. ಚಷ್ಮಾ ಎಲ್ಲಿಟ್ಟೆ ಅಂತ ಮರತರ ಅದೂ ಒಂದು ರೋಗ ಏನು? ಹೋಗು, ಆ ಹಳಿ ನೋಡಿ ಬಾ. ಬುದ್ಧಿ ಕೆಟ್ಟವರು ಮಾಡೂ ಕೆಲಸ ಏನದು?"

ಕೆಲಸವೇನೋ ಮೆಚ್ಚುವಂತೆಯೇ ಇತ್ತು. ಅಮರೇಶಪ್ಪ ಕಾಚಿಗೂಡದ ರೈಲ್ವೆಯಲ್ಲಿ ಹಳಿ ರಿಪೇರಿ ಗ್ಯಾಂಗಿನ ಮೇಸ್ತ್ರಿಯಾಗಿ ನಿವೃತ್ತನಾದವನು. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಹಳಿ ಅವನ ಕಣ್ಣಿಗೆ ಹಿಡಿಸೀತೇ? ಮಾವಿನಹಣ್ಣಿನ ಪೆಟ್ಟಿಗೆ ಸೀಳಿ ಹಳಿಯ ಕೆಳಗೆ ಅಡ್ಡ ಇಡಲು ಬೆರಳುದ್ದದ ಸ್ಲೀಪರ್ ಮಾಡಿದ, ಎಣ್ಣೆಯಲ್ಲಿ ನೆನೆಸಿದ, ಜಲ್ಲಿಪುಡಿ ಹಾಸಿ ಜೋಡಿಸಿದ. ಮೇಲೆ ಹಿತ್ತಾಳೆ ಪಟ್ಟಿ ನಿಲ್ಲಿಸಿ ಸಣ್ಣ ಮೊಳೆ ಹೊಡೆದ. ಪಟ್ಟಿಗೆ ಪಟ್ಟಿ ಸೇರುವಲ್ಲೆಲ್ಲ ಬೆಸುಗೆ ಹಾಕಿ, ಉಜ್ಜಿ, ಕೂಡಿದ ಗುರುತೇ ಕಾಣದಂತೆ ಮಾಡಿದ. ಆ ಗೋಡೆಯಿಂದ ಈ ಗೋಡೆಯವರೆಗೆ ಒಂದೇ ಹಳಿ. ಚಳಿಗಾಲವಿಡೀ ಬ್ಯಾಟರಿ ಎಂಜಿನ್ನು ಅದರ ಮೇಲೆ ಬೆಣ್ಣೆಯಿಂದ ಕೂದಲು ತೆಗೆದಂತೆ ಓಡಿತು. ಶಿವದೇವಿ ಓಣಿಯ ಹೆಂಗಸರನ್ನೆಲ್ಲ ಕರೆದು ತೋರಿಸಿದಳು, ಬಿಡುವವಳೇ ಅವಳು?

ಬೇಸಿಗೆ ಬಂತು. ಒಂದು ಮಧ್ಯಾಹ್ನ ಸಂಡಿಗೆ ಮಗುಚಲು ಹಿತ್ತಲಿಗೆ ಹೋದವಳು ನಿಂತಲ್ಲೇ ನಿಂತಳು. ಹಳಿ ಎದ್ದಿತ್ತು. ನಡುವೆ ಮೊಳೆಗಳನ್ನೆಲ್ಲ ಕಿತ್ತುಕೊಂಡು, ಸ್ಲೀಪರ್‌ಗಳನ್ನು ಚೆಲ್ಲಾಡಿ, ಪಕ್ಕಕ್ಕೆ ಸೊಟ್ಟಗೆ ಹೊರಳಿತ್ತು. ಎಂಜಿನ್ನು ಮಗ್ಗುಲಾಗಿ ಬಿದ್ದು ಸುಮ್ಮನೆ ಗಾಲಿ ತಿರುಗಿಸುತ್ತಿತ್ತು. ಅದರ ಮುಂದೆ ಕುಕ್ಕರಗಾಲಲ್ಲಿ ಅಮರೇಶಪ್ಪ ಕೂತಿದ್ದ.

ಅವಳು ಹೆದರಿದಳು. ಹಳಿ ಹಾಳಾದದ್ದಕ್ಕಲ್ಲ. ಬಿಸಿಲಿಗೆ ಲೋಹ ಬೆಳೆಯುತ್ತದೆ, ಜೋಡಿನಲ್ಲಿ ಸಂದು ಬಿಡದಿದ್ದರೆ ಹಳಿ ಎದ್ದು ಹೊರಳುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದೆ ಏನು? ಮದುವೆಯಾದ ಮೊದಲ ಬೇಸಿಗೆಯಿಂದ ಈ ಮನುಷ್ಯ ಊಟಕ್ಕೆ ಕೂತಾಗಲೆಲ್ಲ ಅದನ್ನೇ ಹೇಳಿ ಅವಳ ತಲೆ ತಿಂದಿದ್ದ. ಸಂದು ಬಿಡದ ಗ್ಯಾಂಗಿನವರನ್ನು ನಿದ್ದೆಗಣ್ಣಲ್ಲೂ ಬೈದಿದ್ದ. ಅಂಥವನು ಒಂದು ಸಂದೂ ಬಿಡದೆ ಬೆಸೆದಿದ್ದಾನೆ. ಇಡೀ ಚಳಿಗಾಲ ತಾನು ಅದನ್ನೇ ನೋಡಿ ಹಿಗ್ಗಿದ್ದಳು.

"ದಿಲ್‌ಸುಖ್‌ನಗರದಾಗ ಆ ಅಂಗಡಿಯಾಂವ ಖೊಟ್ಟಿ ಪಟ್ಟಿ ಕೊಟ್ಟಾನ ನೋಡು," ಎಂದ ಅಮರೇಶಪ್ಪ. "ಇಲ್ಲಂದ್ರ ಹಿಂಗ್ಯಾಕ ಆಗ್ತಿತ್ತು?"

ತಮಾಷೆ ಮಾಡುತ್ತಿದ್ದಾನೇನೋ ಎಂದು ಮುಖ ನೋಡಿದಳು. ಇಲ್ಲ, ನಿಜವಾಗಿಯೂ ಕೇಳುತ್ತಿದ್ದ. ರಶ್ಮಿ ಬಾಗಿಲಿಗೆ ಬಂದು ನಿಂತಿದ್ದಳು. ಒಂದು ಮಾತು ನೆನಪಿಸಿದರೆ ಉಳಿದದ್ದೆಲ್ಲ ತಾನೇ ಬಂದೀತು ಎಂಬ ಆಸೆ ಮಾತ್ರ ಶಿವದೇವಿಗೆ ಇನ್ನೂ ಇತ್ತು.

"ಏನ್ರಿ... ಬ್ಯಾಸಗಿಗೆ ಹಳಿ ಬೆಳೀತಾವಲ್ರಿ. ಜೋಡಿನ್ಯಾಗ ಸಂದು ಬಿಡಬೇಕಲ್ಲ?"

ಅಮರೇಶಪ್ಪ ಬೆಸುಗೆಯ ಮೇಲೆ ಬೆರಳಾಡಿಸಿದ. ಯೋಚಿಸಿದ. ಆಮೇಲೆ ತಲೆದೂಗಿದ, ಮುಖ ಅರಳಿತು.

"ಖರೇ ಐತಿ ನೋಡು. ಭಾಳ ಶಾಣ್ಯಾಕಿ ಅದೀ ನೀ," ಎಂದ. "ಇದನ್ನೆಲ್ಲ ನಿನಗ ಯಾರು ಕಲಿಸಿದ್ರು?"